ಪುಕ್ಕಟೆ ಜಮೀನಿನ ಲೆಕ್ಕ: ಅಮೆರಿಕದ ಪಶ್ಚಿಮ, ವಲಸಿಗರು ಮತ್ತು ರೈತ ಚಳವಳಿ – ಪದೇ ಪದೇ ಕೇಳುವ ಪ್ರಶ್ನೆಗಳು

ಪರೀಕ್ಷೆಗೆ ಓದುವವರು, ಕೌಬಾಯ್ ಸಿನಿಮಾ ನೋಡಿ ಕುತೂಹಲ ಹುಟ್ಟಿದವರು, ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಮೈಲಿಗಟ್ಟಲೆ ಗೋಧಿ ಹೊಲ ನೋಡಿ ಬಂದ ಅಪ್ಪ-ಅಮ್ಮಂದಿರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿವು. ಕಾಲ ಹೆಚ್ಚೂಕಡಿಮೆ 1862ರಿಂದ 1896. ಪಠ್ಯಪುಸ್ತಕದಲ್ಲಿ ಪಶ್ಚಿಮದ ವಿಸ್ತರಣೆ ಒಂದು ಪಾಠ, ವಲಸೆ ಇನ್ನೊಂದು, ರೈತ ಚಳವಳಿ ಮತ್ತೊಂದು. ನನ್ನ ಮಟ್ಟಿಗೆ ಮೂರೂ ಒಂದೇ ಕಥೆ. ಜಮೀನು ಅಗ್ಗಕ್ಕೆ ಸಿಕ್ಕಿತು. ಅದರಲ್ಲಿ ಬೆಳೆದದ್ದನ್ನು ಮಾರಿ ಬದುಕುವುದು ದುಬಾರಿಯಾಯಿತು.

‘ಪಶ್ಚಿಮ’ ಅಂದರೆ ಕ್ಯಾಲಿಫೋರ್ನಿಯಾ ತಾನೇ?

ಇಲ್ಲಿ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 1848ರಲ್ಲಿ ಚಿನ್ನ ಸಿಕ್ಕಿತು, 1850ಕ್ಕೆ ಅದು ರಾಜ್ಯವೂ ಆಯಿತು. ಜನ ನಡುವಿನ ಬಯಲನ್ನು ದಾಟಿಕೊಂಡು ಅಲ್ಲಿಗೆ ಓಡಿದ್ದರು. ಆಮೇಲೆ ತುಂಬಿದ್ದು ಆ ನಡುವಿನ ಜಾಗ: ಕಾನ್ಸಾಸ್, ನೆಬ್ರಾಸ್ಕ, ಡಕೋಟಾ, ಕೊಲೊರಾಡೊದ ಪೂರ್ವ ಭಾಗ. ಮರವಿಲ್ಲದ ಹುಲ್ಲುಗಾವಲು. ಹಳೆಯ ನಕಾಶೆಗಳಲ್ಲಿ ಅದಕ್ಕೆ ‘ಅಮೆರಿಕದ ಮಹಾ ಮರುಭೂಮಿ’ ಅಂತಲೇ ಹೆಸರು.

ಒಂದು ಗೆರೆ ನೆನಪಿಟ್ಟುಕೊಳ್ಳಿ, 100ನೇ ರೇಖಾಂಶ. ಅದರಿಂದ ಪಶ್ಚಿಮಕ್ಕೆ ಹೋದ ಹಾಗೆ ವರ್ಷದ ಮಳೆ 20 ಇಂಚಿಗಿಂತ ಕಡಿಮೆಯಾಗುತ್ತಾ ಹೋಗುತ್ತದೆ. ಬರೀ ಮಳೆ ನಂಬಿ ಅಲ್ಲಿ ಬೇಸಾಯ ಮಾಡುವುದು ಜೂಜು. ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನಿ 1878ರಲ್ಲೇ ಈ ಮಾತು ಸರ್ಕಾರಕ್ಕೆ ಬರೆದುಕೊಟ್ಟ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ‘ನೇಗಿಲು ಹೋದಲ್ಲಿಗೆ ಮಳೆ ಹಿಂದೆಯೇ ಬರುತ್ತದೆ’ ಎಂಬ ಮಾತನ್ನು ಜಮೀನು ಮಾರುವವರು ಹರಡುತ್ತಿದ್ದರು. ಒಂದಷ್ಟು ವರ್ಷ ಒಳ್ಳೆಯ ಮಳೆಯೂ ಆಯಿತು, ಜನ ನಂಬಿಬಿಟ್ಟರು.

ಸರ್ಕಾರ ನಿಜಕ್ಕೂ 160 ಎಕರೆ ಪುಕ್ಕಟೆ ಕೊಟ್ಟಿತಾ?

ಕೊಟ್ಟಿತು. ಅಬ್ರಹಾಂ ಲಿಂಕನ್ 1862ರ ಮೇ 20ರಂದು ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಥರದ ದರಖಾಸ್ತು ಜಮೀನು. 21 ವರ್ಷ ತುಂಬಿರಬೇಕು ಅಥವಾ ಮನೆಯ ಯಜಮಾನನಾಗಿರಬೇಕು. ಅಮೆರಿಕದ ಪ್ರಜೆ ಆಗಿರಬೇಕು, ಇಲ್ಲವೇ ಪ್ರಜೆ ಆಗುತ್ತೇನೆ ಅಂತ ಬರೆದುಕೊಟ್ಟಿರಬೇಕು. ಸರ್ಕಾರದ ವಿರುದ್ಧ ಕತ್ತಿ ಎತ್ತಿರಬಾರದು. ಸಣ್ಣ ಶುಲ್ಕ ಕಟ್ಟಿ, ಮನೆ ಕಟ್ಟಿ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ ಹಕ್ಕುಪತ್ರ ಕೈಗೆ. ಆರು ತಿಂಗಳು ಇದ್ದು ಎಕರೆಗೆ 1.25 ಡಾಲರ್ ಕೊಟ್ಟರೆ ಇನ್ನೂ ಬೇಗ. ಮದುವೆಯಾಗದ ಹೆಣ್ಣುಮಕ್ಕಳು ಮತ್ತು ವಿಧವೆಯರೂ ಅರ್ಜಿ ಹಾಕಬಹುದಿತ್ತು. ಆ ಕಾಲಕ್ಕೆ ಇದು ದೊಡ್ಡ ಸಂಗತಿ.

ಒಟ್ಟು ಸುಮಾರು 16 ಲಕ್ಷ ಜನರಿಗೆ 27 ಕೋಟಿ ಎಕರೆ ಹೋಯಿತು. ಇಡೀ ದೇಶದ ನೆಲದಲ್ಲಿ ಶೇಕಡಾ 10.

ಈಗ ತೊಡಕಿನ ಭಾಗ. ಜಮೀನು ಪುಕ್ಕಟೆ, ಸರಿ. ಎತ್ತು, ನೇಗಿಲು, ಬೀಜ, ಬಾವಿ, ಬೇಲಿ, ಮೊದಲ ಬೆಳೆ ಬರುವ ತನಕ ಊಟ? ಅದಕ್ಕೆಲ್ಲ ಕೈಯಲ್ಲಿ ದುಡ್ಡು ಬೇಕು. ಪಟ್ಟಣದ ಬಡ ಕೂಲಿಯವನ ಹತ್ತಿರ ಅದೆಲ್ಲಿಂದ ಬರಬೇಕು? ರೈಲು ಹಾದಿಯ ಅಕ್ಕಪಕ್ಕದ ಒಳ್ಳೆಯ ಭೂಮಿ ಬೇರೆ ರೈಲು ಕಂಪನಿಗಳ ಪಾಲಾಗಿತ್ತು. ಕೇಂದ್ರ ಸರ್ಕಾರ ಅವುಗಳಿಗೆ ಸುಮಾರು 13 ಕೋಟಿ ಎಕರೆ ದಾನ ಮಾಡಿತ್ತು. ಪುಕ್ಕಟೆ ಜಮೀನು ಬೇಕೆಂದರೆ ಸ್ಟೇಷನ್ನಿನಿಂದ ದೂರ ಹೋಗಬೇಕು, ಹತ್ತಿರ ಬೇಕೆಂದರೆ ಕಂಪನಿಗೆ ದುಡ್ಡು ಕೊಟ್ಟು ಕೊಳ್ಳಬೇಕು.

ಮೋಸವೂ ಜೋರಾಗಿತ್ತು. ‘12ಕ್ಕೆ 14ರ ಮನೆ ಕಟ್ಟಿದ್ದೇನೆ’ ಅಂತ ಪ್ರಮಾಣ ಮಾಡಿದವರು, ಅಡಿಯ ಬದಲು ಇಂಚಿನ ಲೆಕ್ಕದ ಆಟಿಕೆ ಮನೆ ಇಟ್ಟಿದ್ದರಂತೆ!

ಆ ಜಮೀನು ಅಲ್ಲಿಯವರೆಗೆ ಯಾರದಾಗಿತ್ತು?

ಈ ಪ್ರಶ್ನೆಯನ್ನು ಮೊದಲೇ ಕೇಳಬೇಕಿತ್ತು. ಲಕೋಟಾ, ಶಯೆನ್, ಅರಾಪಾಹೊ, ಕೊಮಾಂಚಿ, ಪಾನಿ, ಹೀಗೆ ಹತ್ತಾರು ಮೂಲನಿವಾಸಿ ಜನರ ನೆಲ ಅದು. ‘ಖಾಲಿ ಜಾಗ’ ಅಂತ ಓದಿದಾಗಲೆಲ್ಲ ಅದು ಹೇಗೆ ಖಾಲಿಯಾಯಿತು ಅಂತ ಕೇಳಿಕೊಳ್ಳಿ.

1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳು ಲಕೋಟಾ ಜನರಿಗೆ ಅಂತ ಸರ್ಕಾರವೇ ಬರೆದುಕೊಟ್ಟಿತ್ತು. 1874ರಲ್ಲಿ ಅಲ್ಲಿ ಚಿನ್ನ ಕಾಣಿಸಿತು. ಅಗೆಯುವವರು ನುಗ್ಗಿದರು. ತಡೆಯಬೇಕಾದ ಸರ್ಕಾರ ಲಕೋಟಾಗಳ ಮೇಲೇ ಸೈನ್ಯ ಕಳಿಸಿತು. 1876ರ ಜೂನ್‌ನಲ್ಲಿ ಲಿಟ್ಲ್ ಬಿಗ್‌ಹಾರ್ನ್ ನದಿಯ ದಂಡೆಯಲ್ಲಿ ಲಕೋಟಾ ಮತ್ತು ಶಯೆನ್ ಯೋಧರು ಕಸ್ಟರ್ ಎಂಬ ಸೇನಾಧಿಕಾರಿಯ ತುಕಡಿಯನ್ನು ಪೂರ್ತಿ ಮುಗಿಸಿದರು. ಆ ಕದನ ಗೆದ್ದರು, ಯುದ್ಧ ಸೋತರು.

ಬಂದೂಕಿಗಿಂತ ಹೆಚ್ಚು ಅವರನ್ನು ಬಗ್ಗಿಸಿದ್ದು ಹಸಿವು. ಬೈಸನ್ ಎಂಬ ಕಾಡುಕೋಣದಂಥ ಪ್ರಾಣಿಯೇ ಅವರ ಊಟ, ಬಟ್ಟೆ, ಗುಡಾರ ಎಲ್ಲವೂ ಆಗಿತ್ತು. 1870ರ ದಶಕದಲ್ಲಿ ಚರ್ಮದ ವ್ಯಾಪಾರಕ್ಕಾಗಿ ಬೇಟೆಗಾರರು ಅವನ್ನು ಲಕ್ಷಗಟ್ಟಲೆ ಕೊಂದು, ಮಾಂಸ ಅಲ್ಲೇ ಕೊಳೆಯಲು ಬಿಟ್ಟರು. ಕೋಟಿಗಟ್ಟಲೆ ಇದ್ದ ಪ್ರಾಣಿ 1880ರ ದಶಕದ ಕೊನೆಗೆ ಸಾವಿರಕ್ಕೂ ಕಡಿಮೆ. ಬಯಲಲ್ಲಿ ಬಿದ್ದಿದ್ದ ಮೂಳೆಗಳನ್ನು ಆಯ್ದು ಗೊಬ್ಬರದ ಕಾರ್ಖಾನೆಗೆ ಮಾರಿದ್ದೇ ಎಷ್ಟೋ ಹೊಸ ರೈತರ ಮೊದಲ ಸಂಪಾದನೆ.

ಆಮೇಲೆ 1887ರ ಡಾಸ್ ಕಾಯ್ದೆ. ಬುಡಕಟ್ಟಿನ ಸಾಮೂಹಿಕ ಭೂಮಿಯನ್ನು ಒಡೆದು ಕುಟುಂಬಕ್ಕೆ 160 ಎಕರೆ ಹಂಚಿ, ಮಿಕ್ಕಿದ್ದನ್ನು ಬಿಳಿಯರಿಗೆ ಮಾರಿದರು. ಕೇಳಲು ಭೂಸುಧಾರಣೆಯ ಹಾಗಿದೆ. 1887ರಲ್ಲಿ ಮೂಲನಿವಾಸಿಗಳ ಕೈಯಲ್ಲಿದ್ದ 13.8 ಕೋಟಿ ಎಕರೆ, 1934ರ ಹೊತ್ತಿಗೆ 4.8 ಕೋಟಿಗೆ ಇಳಿದಿತ್ತು. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಸೈನಿಕರು ಹೆಂಗಸರು, ಮಕ್ಕಳು ಸೇರಿ ನೂರೈವತ್ತಕ್ಕೂ ಹೆಚ್ಚು ಲಕೋಟಾ ಜನರನ್ನು ಕೊಂದರು.

ರೈಲಿನ ಬಗ್ಗೆ ಇಷ್ಟೊಂದು ಮಾತು ಯಾಕೆ?

ರೈಲಿಲ್ಲದೆ ಈ ಕಥೆಯೇ ಇಲ್ಲ. ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್, ಪೂರ್ವದಿಂದ ಯೂನಿಯನ್ ಪೆಸಿಫಿಕ್ ಹಳಿ ಹಾಕುತ್ತಾ ಬಂದು, 1869ರ ಮೇ 10ರಂದು ಯೂಟಾದ ಪ್ರೊಮೊಂಟರಿ ಸಮಿಟ್‌ನಲ್ಲಿ ಕೂಡಿದವು. ಸಿಯೆರಾ ನೆವಾಡಾ ಬೆಟ್ಟ ಕೊರೆದವರು ಬಹುಪಾಲು ಚೀನಾದ ಕೂಲಿಗಳು. ಪೂರ್ವದ ಕಡೆ ಐರಿಷ್ ಕೂಲಿಗಳು ಜಾಸ್ತಿ. ಕಂಪನಿಗಳ ಜೋರು ಎಷ್ಟಿತ್ತೆಂದರೆ, 1883ರ ನವೆಂಬರ್ 18ರಂದು ಸರ್ಕಾರವನ್ನು ಕೇಳದೆಯೇ ದೇಶದ ಗಡಿಯಾರಗಳನ್ನು ಕಾಲವಲಯಗಳಾಗಿ ಹಂಚಿಬಿಟ್ಟರು!

ತಮ್ಮ ಜಮೀನು ಮಾರಲು ಕಂಪನಿಗಳು ಯುರೋಪಿಗೂ ಏಜೆಂಟರನ್ನು ಕಳಿಸುತ್ತಿದ್ದವು. ರೈಲು ವಲಸಿಗನನ್ನು ತಂದಿಳಿಸಿತು, ಜಮೀನು ಮಾರಿತು, ಅವನ ಕಾಳು ಸಾಗಿಸಿತು, ಬಾಡಿಗೆಯನ್ನೂ ತಾನೇ ನಿಗದಿ ಮಾಡಿತು.

ವಲಸೆ ಬಂದವರು ಯಾರು? ಊರು ಬಿಟ್ಟಿದ್ದು ಯಾಕೆ?

ಬಯಲಿಗೆ ಬಂದವರಲ್ಲಿ ಜರ್ಮನರು, ಸ್ವೀಡನ್ ಮತ್ತು ನಾರ್ವೆಯವರು, ಚೆಕ್ ಜನ ಹೆಚ್ಚು. ಸ್ವೀಡನ್‌ನಲ್ಲಿ 1867–69ರಲ್ಲಿ ದೊಡ್ಡ ಬರ ಬಿದ್ದಿತ್ತು. ರಷ್ಯಾದಲ್ಲಿ ನೆಲೆಸಿದ್ದ ಜರ್ಮನ್ ಮಾತಾಡುವ ಮೆನೊನೈಟರು ಆಯುಧ ಹಿಡಿಯದ ಪಂಥದವರು. ಕಡ್ಡಾಯ ಸೈನ್ಯಸೇವೆ ಬರುತ್ತದೆ ಅಂತ ಗೊತ್ತಾದಾಗ ಗಂಟುಮೂಟೆ ಕಟ್ಟಿದರು. 1874ರಿಂದ ಕಾನ್ಸಾಸ್‌ಗೆ ಬಂದ ಅವರ ಜೊತೆ ‘ಟರ್ಕಿ ರೆಡ್’ ಎಂಬ ಚಳಿಗಾಲದ ಗೋಧಿ ಬೀಜವೂ ಬಂತು. ಕಾನ್ಸಾಸ್ ಗೋಧಿಯ ಕಣಜವಾಗಿದ್ದು ಆ ತಳಿಯಿಂದಲೇ.

ಇನ್ನೊಂದು ಕಾರಣ ನನಗೆ ಬಲು ವಿಚಿತ್ರ ಅನಿಸುತ್ತದೆ. ಅಮೆರಿಕದ ಅಗ್ಗದ ಗೋಧಿ ಉಗಿಹಡಗಿನಲ್ಲಿ ಯುರೋಪಿಗೆ ಬಂದು ಬಿತ್ತು. ಅಲ್ಲಿ ಕಾಳಿನ ಬೆಲೆ ಕುಸಿಯಿತು. ಸಣ್ಣ ರೈತರು ದಿವಾಳಿ. ಅವರು ಅದೇ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿ ಮಾಡಿದ್ದೇನು? ಇನ್ನಷ್ಟು ಗೋಧಿ ಬೆಳೆದರು!

1880ರ ನಂತರ ಇಟಲಿಯವರು, ಪೋಲಿಷ್ ಜನ, ರಷ್ಯಾದಲ್ಲಿ ಹಲ್ಲೆಗೆ ಸಿಕ್ಕಿದ ಯಹೂದಿಗಳು ಬಂದರು. ಇವರು ಹೆಚ್ಚಾಗಿ ನ್ಯೂಯಾರ್ಕ್, ಷಿಕಾಗೊದ ಕಾರ್ಖಾನೆಗಳಲ್ಲೇ ಉಳಿದರು. 1892ರ ಜನವರಿ 1ರಂದು ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ವಲಸಿಗರ ತಪಾಸಣೆಯ ಕೇಂದ್ರ ತೆರೆಯಿತು. ಮೊದಲು ಒಳಗೆ ಕಾಲಿಟ್ಟವಳು ಐರ್ಲೆಂಡಿನ ಹುಡುಗಿ ಆನಿ ಮೂರ್.

ದೇಶದೊಳಗಿನ ವಲಸೆಯನ್ನೂ ಮರೆಯಬೇಡಿ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ದಕ್ಷಿಣದ ಹಿಂಸೆ ತಾಳಲಾರದೆ ಕಾನ್ಸಾಸ್‌ಗೆ ಬಂದರು. 1879ರಲ್ಲಿ ಇದು ದೊಡ್ಡ ಹೊಳೆಯಾಗಿ ಹರಿಯಿತು. ಅವರು 1877ರಲ್ಲಿ ಕಟ್ಟಿದ ನಿಕೊಡೆಮಸ್ ಎಂಬ ಊರು ಇವತ್ತಿಗೂ ಇದೆ.

ಚೀನೀಯರಿಗೆ ಜಮೀನು ಸಿಗಲಿಲ್ಲವಾ?

ಇಲ್ಲ. ‘ಪ್ರಜೆ ಆಗುತ್ತೇನೆ’ ಅಂತ ಬರೆದುಕೊಡಬೇಕಿತ್ತಲ್ಲ, ಹೊರಗಿನಿಂದ ಬಂದವರಲ್ಲಿ ಆ ಹಕ್ಕು ಬಿಳಿಯರಿಗೆ, 1870ರ ನಂತರ ಆಫ್ರಿಕಾ ಮೂಲದವರಿಗೆ ಮಾತ್ರ. ಬೆಟ್ಟ ಕೊರೆದು ಹಳಿ ಹಾಕಿದವನಿಗೆ ಆ ಹಳಿಯ ಪಕ್ಕ ಸರ್ಕಾರಿ ಜಮೀನು ಕೇಳುವ ದಾರಿಯೇ ಇರಲಿಲ್ಲ. 1882ರಲ್ಲಿ ಚೀನೀ ಕೂಲಿಗಳು ದೇಶದೊಳಗೆ ಬರದಂತೆ ಕಾನೂನೇ ಆಯಿತು, ಅದು ರದ್ದಾಗಿದ್ದು 1943ರಲ್ಲಿ. 1885ರ ಸೆಪ್ಟೆಂಬರ್‌ನಲ್ಲಿ ವಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್‌ನಲ್ಲಿ ಬಿಳಿಯ ಗಣಿ ಕೆಲಸಗಾರರು 28 ಚೀನೀಯರನ್ನು ಕೊಂದು, ಅವರ ಕೇರಿಗೆ ಬೆಂಕಿ ಇಟ್ಟರು.

ಇದೇ ಪ್ರಜೆತನದ ನಿಯಮ ಮುಂದೆ ನಮ್ಮವರಿಗೂ ತಗುಲಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ‘ಬಿಳಿಯರಲ್ಲ’ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪ್ರಜೆತನದ ಬಾಗಿಲು ತೆರೆದಿದ್ದು 1946ರಲ್ಲಿ.

ಬಯಲಲ್ಲಿ ಸಂಸಾರ ಹೇಗೆ ನಡೆಯುತ್ತಿತ್ತು?

ಮರವಿಲ್ಲ, ಕಲ್ಲೂ ಕಡಿಮೆ. ಹಾಗಾಗಿ ಹುಲ್ಲು ಬೇರಿನ ಸಮೇತ ನೆಲವನ್ನೇ ಪಟ್ಟಿ ಪಟ್ಟಿಯಾಗಿ ಎತ್ತಿ, ಇಟ್ಟಿಗೆಯ ಹಾಗೆ ಜೋಡಿಸಿ ಮನೆ ಕಟ್ಟುತ್ತಿದ್ದರು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮಳೆ ಬಂದರೆ ಮಾತ್ರ ಹೊರಗೆ ನಿಂತ ಎಷ್ಟೋ ಹೊತ್ತಿನ ಮೇಲೂ ಒಳಗೆ ಕೆಸರು ಸೋರುತ್ತಿತ್ತು. ಸೂರಿನಿಂದ ಹಾವು, ಇಲಿ ಬೀಳುತ್ತಿದ್ದವು. ಒಲೆಯ ಮೇಲಿನ ಪಾತ್ರೆಗೆ ಮಣ್ಣು ಬೀಳದಿರಲಿ ಅಂತ ಹೆಂಗಸರು ಮಾಡಿನ ಕೆಳಗೆ ಬಟ್ಟೆ ಕಟ್ಟುತ್ತಿದ್ದರು. ಉರುವಲಿಗೆ ಬೈಸನ್ನಿನ, ದನದ ಒಣಗಿದ ಸಗಣಿ. ಇದನ್ನು ಓದಿದಾಗ ನನಗೆ ಮೊದಲ ಸಲ ಆ ಜನ ಹತ್ತಿರದವರು ಅನಿಸಿದರು.

1874ರ ಬೇಸಿಗೆಯಲ್ಲಿ ಮಿಡತೆ ದಂಡು ಇಳಿಯಿತು. ಸೂರ್ಯ ಮರೆಯಾಗುವಷ್ಟು. ಬೆಳೆ ತಿಂದವು, ಒಣಗಲು ಹಾಕಿದ ಬಟ್ಟೆ ತಿಂದವು, ಬೆವರಿನ ಉಪ್ಪು ಹಿಡಿದ ಸಲಿಕೆಯ ಹಿಡಿಯನ್ನೂ ಕಡಿದವು. ಹಳಿಯ ಮೇಲೆ ಅರೆದುಹೋದ ಮಿಡತೆಗಳಿಂದ ರೈಲಿನ ಚಕ್ರ ಜಾರುತ್ತಿತ್ತು. ವಿಚಿತ್ರವೆಂದರೆ ಆ ಜಾತಿಯ ಮಿಡತೆ ಈಗ ಭೂಮಿಯ ಮೇಲೆ ಇಲ್ಲ. ಕೊನೆಯದಾಗಿ ಜೀವಂತ ಕಂಡಿದ್ದು 1902ರಲ್ಲಿ.

1888ರ ಜನವರಿ 12ರ ಹಿಮಗಾಳಿ ಇನ್ನೊಂದು. ಬೆಳಿಗ್ಗೆ ಹವೆ ಹಿತವಾಗಿತ್ತು. ಮಕ್ಕಳು ತೆಳು ಬಟ್ಟೆಯಲ್ಲೇ ಶಾಲೆಗೆ ಹೋಗಿದ್ದರು. ಇದ್ದಕ್ಕಿದ್ದಂತೆ ಬಿರುಗಾಳಿ ಎದ್ದಿತು. ಮನೆಗೆ ಹೊರಟ ಮಕ್ಕಳು ದಾರಿಯಲ್ಲೇ ಹೆಪ್ಪುಗಟ್ಟಿದರು. ಸತ್ತವರು ಒಟ್ಟು 235 ಅಂತ ಲೆಕ್ಕ.

ಕೌಬಾಯ್‌ಗಳು ಎಲ್ಲಿ ಹೋದರು?

ಅವರ ಕಾಲ ಬರೀ ಇಪ್ಪತ್ತು ವರ್ಷ. 1867ರಿಂದ ಟೆಕ್ಸಾಸ್ ದನಗಳನ್ನು ಕಾನ್ಸಾಸ್‌ನ ಆಬಿಲೀನ್ ಸ್ಟೇಷನ್‌ಗೆ ಹೊಡೆದುಕೊಂಡು ಬರುತ್ತಿದ್ದ ಕೂಲಿಯಾಳುಗಳು ಅವರು. ಕಪ್ಪು ಜನ, ಮೆಕ್ಸಿಕನ್ನರು ಬಹಳ ಇದ್ದರು, ಸಿನಿಮಾದಲ್ಲಿ ಕಾಣುವುದಿಲ್ಲ ಅಷ್ಟೆ. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಬಯಲಿಗೆ ಬೇಲಿ ಬಿತ್ತು. 1886–87ರ ಚಳಿಗೆ ದನಗಳು ರಾಶಿ ರಾಶಿ ಸತ್ತವು. ಅಲ್ಲಿಗೆ ಮುಗಿಯಿತು.

ಜಮೀನೂ ಇದೆ, ಬೆಳೆಯೂ ಬಂತು. ಮತ್ತೆ ರೈತ ಸಾಲಗಾರನಾಗಿದ್ದು ಹೇಗೆ?

ಬೆಳೆ ಬಂದಿದ್ದೇ ತೊಂದರೆ. ಎಲ್ಲರ ಹೊಲದಲ್ಲೂ ಬಂತು. ಅದೇ ಹೊತ್ತಿಗೆ ರಷ್ಯಾ, ಅರ್ಜೆಂಟೀನಾ, ಭಾರತದ ಗೋಧಿಯೂ ಲಿವರ್‌ಪೂಲ್ ಮಾರುಕಟ್ಟೆಗೆ ಬರುತ್ತಿತ್ತು. 1881ರಲ್ಲಿ ಒಂದು ಬುಷೆಲ್ ಗೋಧಿಗೆ, ಅಂದರೆ ಸುಮಾರು 27 ಕೆ.ಜಿ.ಗೆ, ಒಂದು ಡಾಲರ್‌ಗಿಂತ ಜಾಸ್ತಿ ಸಿಗುತ್ತಿತ್ತು. 1894ಕ್ಕೆ ಅರ್ಧ ಡಾಲರ್ ಆಸುಪಾಸು. ಕಾನ್ಸಾಸ್‌ನಲ್ಲಿ ಮೆಕ್ಕೆಜೋಳ ಮಾರುವುದಕ್ಕಿಂತ ಒಲೆಗೆ ಹಾಕುವುದೇ ಲಾಭ ಅಂತ ಉರಿಸಿದವರಿದ್ದರು.

ಬೆಲೆ ಇಳಿಯಿತು, ಸಾಲ ಇಳಿಯಲಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಗೋಧಿ ಡಾಲರ್‌ಗೆ ಒಂದು ಬುಷೆಲ್ ಇದ್ದಾಗ ನೀವು 1,000 ಡಾಲರ್ ಸಾಲ ಮಾಡಿದಿರಿ. ತೀರಿಸಲು 1,000 ಬುಷೆಲ್ ಸಾಕು. ಗೋಧಿ ಅರ್ಧ ಡಾಲರ್ ಆದಾಗ 2,000 ಬುಷೆಲ್ ಬೇಕು. ಸಾಲದ ಪತ್ರದಲ್ಲಿ ಒಂದು ಅಕ್ಷರ ಬದಲಾಗಿಲ್ಲ, ಆದರೆ ಸಾಲ ಎರಡು ಪಟ್ಟಾಗಿದೆ. ದೇಶದಲ್ಲಿ ಜನ, ಸರಕು ಹೆಚ್ಚಿದಷ್ಟು ವೇಗವಾಗಿ ದುಡ್ಡು ಹೆಚ್ಚಲಿಲ್ಲ, ಯಾಕೆಂದರೆ ಅದನ್ನು ಬಂಗಾರಕ್ಕೆ ಕಟ್ಟಿಹಾಕಿದ್ದರು. ರೈತರ ಸಿಟ್ಟಿನ ತಿರುಳು ಇಲ್ಲಿದೆ.

ಮೇಲೆ ರೈಲಿನವರ ಕಾಟ. ಪೈಪೋಟಿ ಇದ್ದ ಕಡೆ ಬಾಡಿಗೆ ಅಗ್ಗ. ಒಂದೇ ಕಂಪನಿ ಇದ್ದ ಊರಿನಲ್ಲಿ ಹತ್ತಿರದ ದಾರಿಗೂ ದೂರದ ದಾರಿಗಿಂತ ಜಾಸ್ತಿ. ಸ್ಟೇಷನ್ ಪಕ್ಕದ ಎತ್ತರದ ಗೋದಾಮಿನವನು ಕಾಳಿಗೆ ದರ್ಜೆ ಹಾಕುತ್ತಿದ್ದ. ಎರಡನೇ ದರ್ಜೆ ಅಂದರೆ ಎರಡನೇ ದರ್ಜೆ. ಮೂಟೆ ಮನೆಗೆ ವಾಪಸ್ ಒಯ್ಯಲಾಗುತ್ತದಾ?

ದಕ್ಷಿಣದ ಹತ್ತಿ ಸೀಮೆಯಲ್ಲಿ ಇನ್ನೂ ಕಷ್ಟ. ಅಲ್ಲಿ ಬಿತ್ತುವ ಮೊದಲೇ ಬೆಳೆಯನ್ನು ಅಂಗಡಿಯವನಿಗೆ ಒತ್ತೆ ಇಟ್ಟು, ಬೀಜ, ಗೊಬ್ಬರ, ಹಿಟ್ಟು ಉದ್ರಿ ತರಬೇಕು. ನಗದಿಗೆ ಒಂದು ದರ, ಉದ್ರಿಗೆ ಇನ್ನೊಂದು. ಹತ್ತಿಯನ್ನೇ ಬೆಳೆಯಬೇಕು ಅಂತ ಅಂಗಡಿಯವನ ಪಟ್ಟು. ಬಿಳಿಯ ಬಡವ, ಕಪ್ಪು ಬಡವ ಇಬ್ಬರೂ ಇದೇ ಲೆಕ್ಕದ ಪುಸ್ತಕದಲ್ಲಿ ಸಿಕ್ಕಿಬಿದ್ದಿದ್ದರು.

ಗ್ರೇಂಜ್ ಅಂದರೇನು?

1867ರಲ್ಲಿ ಆಲಿವರ್ ಕೆಲ್ಲಿ ಶುರು ಮಾಡಿದ ರೈತರ ಸಂಘ. ಮೊದಲು ಹಾಡು, ಊಟ, ಬೇಸಾಯದ ಪಾಠ. ಹೆಂಗಸರಿಗೂ ಪೂರ್ತಿ ಸದಸ್ಯತ್ವ. ಆಮೇಲೆ ಸಹಕಾರಿ ಅಂಗಡಿ, ಸಹಕಾರಿ ಗೋದಾಮು. ಒತ್ತಡ ಹಾಕಿ ಇಲಿನಾಯ್ ಮೊದಲಾದ ರಾಜ್ಯಗಳಲ್ಲಿ ರೈಲು ಮತ್ತು ಗೋದಾಮಿನ ದರಕ್ಕೆ ಮಿತಿ ತರಿಸಿದರು. 1877ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1886ರಲ್ಲಿ, ರಾಜ್ಯದ ಗಡಿ ದಾಟುವ ರೈಲಿಗೆ ರಾಜ್ಯದ ಕಾನೂನು ಅನ್ವಯಿಸದು ಅಂತ ಬೇರೆ ತೀರ್ಪು ಬಂತು. ಅದಕ್ಕೇ 1887ರಲ್ಲಿ ಅಂತರರಾಜ್ಯ ವಾಣಿಜ್ಯ ಕಾಯ್ದೆ ಮಾಡಬೇಕಾಯಿತು.

ಅಲಯನ್ಸ್, ಪಾಪ್ಯುಲಿಸ್ಟರು ಅಂತಾರಲ್ಲ, ಅವರು ಬೇರೆಯಾ?

ಅಲಯನ್ಸ್ ಟೆಕ್ಸಾಸ್‌ನಲ್ಲಿ ಹುಟ್ಟಿ 1880ರ ದಶಕದಲ್ಲಿ ಹಬ್ಬಿದ, ಗ್ರೇಂಜ್‌ಗಿಂತ ಬಿಸಿಯಾದ ಸಂಘಟನೆ. ಚಾರ್ಲ್ಸ್ ಮಕ್ಯೂನ್ ಎಂಬಾತ ಒಂದು ಯೋಜನೆ ಮುಂದಿಟ್ಟ. ಸರ್ಕಾರವೇ ಗೋದಾಮು ಕಟ್ಟಲಿ. ಸುಗ್ಗಿಯಲ್ಲಿ ಬೆಲೆ ಬಿದ್ದಾಗ ರೈತ ಕಾಳು ಅಲ್ಲಿಟ್ಟು, ಬೆಲೆಯ ಶೇಕಡಾ 80ರಷ್ಟು ಸಾಲವನ್ನು ವರ್ಷಕ್ಕೆ ಶೇಕಡಾ 1ರ ಬಡ್ಡಿಗೆ ಪಡೆಯಲಿ. ಬೆಲೆ ಏರಿದಾಗ ಮಾರಲಿ. ಪತ್ರಿಕೆಗಳು ಹುಚ್ಚು ಅಂತ ನಕ್ಕವು. ನನಗೆ ಇಡೀ ಚಳವಳಿಯಲ್ಲಿ ಅತಿ ಜಾಣತನದ ವಿಚಾರ ಇದೇ ಅನಿಸುತ್ತದೆ.

ಬಿಳಿಯರ ಅಲಯನ್ಸ್ ಕಪ್ಪು ರೈತರನ್ನು ಸೇರಿಸಿಕೊಳ್ಳಲಿಲ್ಲ. ಅವರು 1886ರಲ್ಲಿ ತಮ್ಮದೇ ಅಲಯನ್ಸ್ ಕಟ್ಟಿಕೊಂಡರು.

ಇವೆಲ್ಲ ಸೇರಿ ಪೀಪಲ್ಸ್ ಪಾರ್ಟಿ ಆಯಿತು. ಅದರ ಜನರೇ ಪಾಪ್ಯುಲಿಸ್ಟರು. 1892ರ ಜುಲೈ 4ರಂದು ಒಮಾಹಾದಲ್ಲಿ ಪ್ರಣಾಳಿಕೆ ಹೊರಬಂತು: ರೈಲು ಸರ್ಕಾರದ್ದಾಗಲಿ, ಆದಾಯ ಹೆಚ್ಚಿದಷ್ಟು ತೆರಿಗೆ ಹೆಚ್ಚಲಿ, ಬೆಳ್ಳಿ ನಾಣ್ಯ ಬರಲಿ, ಸೆನೆಟರ್‌ಗಳನ್ನು ಜನ ನೇರವಾಗಿ ಆರಿಸಲಿ. ಅದೇ ಸಭೆ ‘ಬೇಡದ’ ವಲಸೆಗೆ ಕಡಿವಾಣ ಹಾಕಬೇಕು ಅಂತಲೂ ಕೇಳಿತು. ಅಪ್ಪ ಹಡಗಿನಲ್ಲಿ ಬಂದವನು, ಮಗ ಬಾಗಿಲು ಹಾಕಿ ಅನ್ನುತ್ತಿದ್ದಾನೆ! ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಅವರ ಅಭ್ಯರ್ಥಿ ಜೇಮ್ಸ್ ವೀವರ್‌ಗೆ ಜನರ 10 ಲಕ್ಷಕ್ಕೂ ಹೆಚ್ಚು ಮತ, 22 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಕೊನೆಗೆ ಆರಿಸುವ ರಾಜ್ಯಗಳ ಪ್ರತಿನಿಧಿಗಳ ಮತ) ಸಿಕ್ಕವು. ಮೂರನೇ ಪಕ್ಷಕ್ಕೆ ಅದು ಸಣ್ಣದಲ್ಲ.

ಬೆಳ್ಳಿ-ಬಂಗಾರದ ಜಗಳ ಏನು? ಸುಲಭವಾಗಿ ಹೇಳಿ.

ಬಂಗಾರದ ಜೊತೆ ಬೆಳ್ಳಿಯನ್ನೂ 16ಕ್ಕೆ 1ರ ಲೆಕ್ಕದಲ್ಲಿ (16 ತೂಕ ಬೆಳ್ಳಿ 1 ತೂಕ ಬಂಗಾರಕ್ಕೆ ಸಮ) ಮಿತಿಯಿಲ್ಲದೆ ಟಂಕಿಸಿದರೆ ದುಡ್ಡು ಹೆಚ್ಚುತ್ತದೆ, ಬೆಲೆ ಏರುತ್ತದೆ, ಸಾಲ ಹಗುರವಾಗುತ್ತದೆ. ಸಾಲ ಪಡೆದವನಿಗೆ ಇದು ಬೇಕು, ಕೊಟ್ಟವನಿಗೆ ಬೇಡ. 1893ರಲ್ಲಿ ಬ್ಯಾಂಕುಗಳು ಕುಸಿದ ಮೇಲೆ ಜಗಳ ತಾರಕಕ್ಕೇರಿತು. 1896ರ ಜುಲೈನಲ್ಲಿ ನೆಬ್ರಾಸ್ಕದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ‘ಮನುಕುಲವನ್ನು ಬಂಗಾರದ ಶಿಲುಬೆಗೆ ಏರಿಸಬೇಡಿ’ ಅಂತ ಭಾಷಣ ಮಾಡಿ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ವಯಸ್ಸು 36. ಪಾಪ್ಯುಲಿಸ್ಟರೂ ಅವರನ್ನೇ ಒಪ್ಪಿಕೊಂಡು, ತಮ್ಮ ಪಕ್ಷದ ಗುರುತನ್ನೇ ಕಳೆದುಕೊಂಡರು. ಗೆದ್ದಿದ್ದು ರಿಪಬ್ಲಿಕನ್ ಪಕ್ಷದ ಮೆಕಿನ್ಲಿ, ಎಲೆಕ್ಟೋರಲ್ ಮತ 271ಕ್ಕೆ 176. ಬೆಳ್ಳಿ ಒಂದೇ ಎಲ್ಲ ರೋಗಕ್ಕೂ ಮದ್ದು ಅಂತ ಹಿಡಿದಿದ್ದು ತಪ್ಪು ಅಂತ ನನ್ನ ಅಭಿಪ್ರಾಯ. ಗೋದಾಮಿನ ಯೋಜನೆ ಆ ಗದ್ದಲದಲ್ಲಿ ಕಳೆದೇ ಹೋಯಿತು.

ಇದಕ್ಕೂ ನಮ್ಮ ಕಡೆಗೂ ಏನಾದರೂ ಸಂಬಂಧ?

ಇದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಕರೆಸಿ ಪ್ರಯೋಗ ಮಾಡಿಸಿತ್ತು. ನ್ಯೂ ಆರ್ಲಿಯನ್ಸ್ ಹತ್ತಿ ಚೆನ್ನಾಗಿ ಹಿಡಿದಿದ್ದು ಧಾರವಾಡದ ಕರಿಮಣ್ಣಿನಲ್ಲಿ. ಅದಕ್ಕೆ ‘ಧಾರವಾಡ-ಅಮೆರಿಕನ್’ ಅಂತಲೇ ಹೆಸರು. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದದ್ದೇ ಬೆಲೆ ದಬಕ್ಕನೆ ಬಿತ್ತು.

ಇನ್ನೊಂದು ಬೆಳ್ಳಿಯದು. ನಮ್ಮ ರೂಪಾಯಿ ಬೆಳ್ಳಿಯದಾಗಿತ್ತು. 1893ರ ಜೂನ್‌ನಲ್ಲಿ ಬ್ರಿಟಿಷ್ ಸರ್ಕಾರ ಭಾರತದ ಟಂಕಸಾಲೆಗಳಲ್ಲಿ ಜನರ ಬೆಳ್ಳಿಯನ್ನು ನಾಣ್ಯ ಮಾಡಿಕೊಡುವುದನ್ನು ನಿಲ್ಲಿಸಿತು. ಬೆಳ್ಳಿಯ ಬೆಲೆ ಕುಸಿಯಿತು. ಅದರ ಏಟು ಕೊಲೊರಾಡೊದ ಬೆಳ್ಳಿ ಗಣಿಗಳಿಗೆ ನೇರವಾಗಿ ಬಿತ್ತು. ಬ್ರಯನ್ ಕೂಡ 1906ರಲ್ಲಿ ಭಾರತ ಸುತ್ತಿಹೋಗಿ ಬ್ರಿಟಿಷ್ ಆಡಳಿತವನ್ನು ಕಟುವಾಗಿ ಟೀಕಿಸಿ ಬರೆದರು.

ಕೊನೆಗೆ ರೈತರು ಸೋತರಾ?

ಪಕ್ಷ ಸೋತಿತು. ಬೇಡಿಕೆಗಳು ಮೆಲ್ಲಗೆ ಬಂದವು. 1913ರಲ್ಲಿ ಸಂವಿಧಾನ ತಿದ್ದಿ ಆದಾಯ ತೆರಿಗೆ, ಸೆನೆಟರ್‌ಗಳ ನೇರ ಆಯ್ಕೆ ಎರಡನ್ನೂ ತಂದರು. ದಕ್ಷಿಣ ಆಫ್ರಿಕಾ, ಕೆನಡಾದ ಕ್ಲಾಂಡೈಕ್‌ಗಳಲ್ಲಿ ಹೊಸ ಬಂಗಾರ ಸಿಕ್ಕಿ ಬೆಲೆಗಳೂ ಏರಿದವು. ಕಪ್ಪು ರೈತರ ಪಾಲಿಗೆ ಮಾತ್ರ ಪೂರಾ ಸೋಲು. ದಕ್ಷಿಣದ ರಾಜ್ಯಗಳು ಅವರ ಮತದ ಹಕ್ಕನ್ನೇ ಕಿತ್ತುಕೊಂಡವು. ಒಂದು ಕಾಲಕ್ಕೆ ಬಡವರೆಲ್ಲ ಒಂದಾಗಿ ಅಂತ ಕರೆ ಕೊಟ್ಟಿದ್ದ ಜಾರ್ಜಿಯಾದ ಪಾಪ್ಯುಲಿಸ್ಟ್ ನಾಯಕ ಟಾಮ್ ವಾಟ್ಸನ್, ಮುಂದೆ ಕಪ್ಪು ಜನರ ಮೇಲೂ ಯಹೂದಿಗಳ ಮೇಲೂ ವಿಷ ಕಾರುವವನಾದ.

1890ಕ್ಕೆ ಖಾಲಿ ಜಮೀನು ಮುಗಿಯಿತು ಅಂತ ಓದಿದ್ದೇನೆ. ಸರಿಯಾ?

ಅರ್ಧ ಸರಿ. 1889ರ ಏಪ್ರಿಲ್ 22ರ ಮಧ್ಯಾಹ್ನ ಒಕ್ಲಹೋಮದಲ್ಲಿ ತುತ್ತೂರಿ ಊದಿದಾಗ ಸುಮಾರು 50,000 ಜನ ಜಮೀನು ಹಿಡಿಯಲು ಓಡಿದ್ದರು. ಆ ಹಸಿವು ನೋಡಿದರೆ ಮುಗಿಯುತ್ತಾ ಬಂದಿತ್ತು ಅನ್ನಿಸುವುದು ಸಹಜ. 1890ರ ಜನಗಣತಿ, ಜನ ನೆಲೆಸಿದ ಸೀಮೆಗೂ ನೆಲೆಸದ ಸೀಮೆಗೂ ನಡುವಿನ ಗಡಿರೇಖೆ ಉಳಿದಿಲ್ಲ ಅಂತ ಘೋಷಿಸಿತು. ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್ 1893ರ ಜುಲೈನಲ್ಲಿ ಷಿಕಾಗೊ ವಿಶ್ವಮೇಳದ ಸಮಯದಲ್ಲಿ ಇದನ್ನೇ ಇಟ್ಟುಕೊಂಡು ಪ್ರಸಿದ್ಧ ಪ್ರಬಂಧ ಓದಿದ. ಎರಡು ತಿಂಗಳ ನಂತರ ವಿವೇಕಾನಂದರು ಮಾತಾಡಿದ್ದೂ ಅದೇ ಮೇಳದ ಸಭೆಯಲ್ಲಿ.

ಆದರೆ ಹೋಮ್‌ಸ್ಟೆಡ್ ಹಕ್ಕುಪತ್ರಗಳಲ್ಲಿ ಹೆಚ್ಚಿನವು ಹೋಗಿದ್ದು 1900ರ ನಂತರ. ಕಾಯ್ದೆ ರದ್ದಾಗಿದ್ದು 1976ರಲ್ಲಿ, ಅಲಾಸ್ಕಾದಲ್ಲಿ ಇನ್ನೂ ಹತ್ತು ವರ್ಷ ಉಳಿಯಿತು. ಕೊನೆಯ ಹಕ್ಕುಪತ್ರ ಕೈಸೇರಿದ್ದು 1988ರಲ್ಲಿ, ಅಲಾಸ್ಕಾದ ಸ್ಟೋನಿ ನದಿಯ ದಂಡೆಯ 80 ಎಕರೆಗೆ.